ರಷ್ಯನ್ ಭಾಳ ಕಠಿಣ ಅಲ್ಲೇನು?

ಹೌದು, ಕಠಿಣ. ಆಯ್ತಾ?

ಬಾಯಿಂದ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ನಾನು ಧಾರವಾಡದಲ್ಲಿ ಯುನಿವರ್ಸಿಟಿಗೆ ಹೋಗಿ ರಷ್ಯನ್ ಓದಿದವಳು ಅಂತ ಗೊತ್ತಾದ ಕೂಡಲೇ ಎದುರಿನವರ ಮುಖದಲ್ಲಿ ಮೊದಲು ಮರುಕ ಕಾಣುತ್ತದೆ, ಆಮೇಲೆ ಪ್ರಶ್ನೆಗಳು ಸಾಲುಗಟ್ಟುತ್ತವೆ. "ಅದನ್ನ್ಯಾಕ ತಗೊಂಡಿ?" "ನೌಕರಿ ಸಿಗತೈತೇನು?" "ನೀವು ಕಮ್ಯುನಿಸ್ಟರೇನು?" ಇವಕ್ಕೆಲ್ಲ ಚುಟುಕು ಉತ್ತರ ಇದೆ. ಮನಸ್ಸಾಯಿತು, ಸಿಕ್ಕಿದೆ, ಅಲ್ಲ. ತಲೆ ಕೆಡಿಸುವುದು ಕೊನೆಗೆ ಬರುವ ಪ್ರಶ್ನೆ. "ನಾಮಪದಕ್ಕ ಆರು ವಿಭಕ್ತಿ ಅಂತಲ್ಲ, ಯಪ್ಪಾ, ಹೆಂಗ ನೆನಪಿಟ್ಕೊಂತೀರಿ?"

ಈ ಆರರ ಸುದ್ದಿ ಜನಕ್ಕೆ ಎಲ್ಲಿಂದ ಸಿಗುತ್ತದೋ. ಯೂಟ್ಯೂಬ್‌ನಲ್ಲಿ ಯಾವನೋ ಇಂಗ್ಲಿಷಿನವನು ಕಣ್ಣರಳಿಸಿ ಹೇಳಿರಬೇಕು. ಅವನು ಹೆದರಲಿ, ನ್ಯಾಯ ಇದೆ. ನೀವ್ಯಾಕೆ ಹೆದರುತ್ತೀರಿ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ಬೆಂಚಿನ ಮೇಲೆ ನಿಂತು ಒಪ್ಪಿಸಿದವರಲ್ಲವೇ ನೀವು? ಅದರಲ್ಲಿ 'ದೆಸೆಯಿಂದ' ಅಂತೂ ಯಾರ ಮನೆಯಲ್ಲೂ ಕಿವಿಗೆ ಬೀಳುವ ಮಾತಲ್ಲ, ಪರೀಕ್ಷೆಯ ಪುಣ್ಯದಿಂದ ಉಳಿದುಕೊಂಡಿದೆ. ಮನೆಯಲ್ಲಿ ಏಳು ಇಟ್ಟುಕೊಂಡವರು ಆರು ಇದ್ದವರನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ಕೇಶಿರಾಜ 13ನೇ ಶತಮಾನದಲ್ಲೇ ನಮ್ಮ ವಿಭಕ್ತಿಗಳಿಗೆ ಸೂತ್ರ ಹಾಕಿ ಮುಗಿಸಿದ್ದ. ರಷ್ಯದ ವಿದ್ವಾಂಸ ಲೊಮೊನೊಸೊವ್ ರಷ್ಯನ್ ವ್ಯಾಕರಣ ಬರೆದದ್ದು 1755ರಲ್ಲಿ. ಇದೇನು ಪೈಪೋಟಿಯಲ್ಲ, ಆದರೂ ಹೇಳಿಬಿಡೋಣ ಅನ್ನಿಸಿತು.

ಇಷ್ಟು ಸಿಟ್ಟು ಬರಲು ಗದಗಿನ ಒಂದು ಮದುವೆ ಕಾರಣ. ಊಟದ ಪಂಕ್ತಿಯಲ್ಲಿ ಕೂತಿದ್ದೆವು, ಗೋಧಿ ಹುಗ್ಗಿ ಇನ್ನೂ ನಮ್ಮ ಸಾಲಿಗೆ ಬಂದಿರಲಿಲ್ಲ. ಖಾಲಿ ಕೂತರೆ ನಮ್ಮ ಮಾಮಾನಿಗೆ ಯಾರನ್ನಾದರೂ ಕೆಣಕಲೇಬೇಕು. "ಏನವಾ, ರಷ್ಯನ್‌ದಾಗ ಏನರ ಒಂದು ಮಾತಾಡಿ ತೋರಸು" ಅಂದ. ನನಗೆ ಮೈಯೆಲ್ಲ ಉರಿಯುವುದು ಈ ಮಾತಿಗೇ. ಬ್ಯಾಂಕಿನವರಿಗೆ ಯಾರಾದರೂ "ಏನರ ಒಂದು ಕೂಡಿಸಿ ತೋರಸ್ರಿ" ಅನ್ನುತ್ತಾರೇನು? ನಾನು ಎಲೆ ನೋಡುತ್ತ ಕೂತೆ. ಅವನು ಬಿಡಲಿಲ್ಲ. "ಹೋಗಲಿ, ನಾನ ಹೇಳತೇನಿ. 'ನನಗ ಐದು ಮಂದಿ ಅಕ್ಕತಂಗ್ಯಾರು' ಅನ್ನು ನೋಡೋಣು."

ಇರುವ ಸಂಗತಿಯೇ ಅದು. ಆ ಐವರಲ್ಲಿ ನಮ್ಮವ್ವನೂ ಒಬ್ಬಳು. ಆದರೆ ಮಾಮಾ ತನಗೇ ಗೊತ್ತಿಲ್ಲದೆ ರಷ್ಯನ್ ನಾಮಪದದ ನಿಜವಾದ ಗಂಟಿಗೇ ಕೈ ಹಾಕಿದ್ದ. ಒಬ್ಬಳು ಇದ್ದರೆ 'ಸಿಸ್ತ್ರಾ'. ಎರಡು, ಮೂರು, ನಾಲ್ಕು ಆದರೆ ಷಷ್ಠಿಯ ಏಕವಚನ, 'ಸಿಸ್ತ್ರೀ'. ಐದಾಯಿತೋ, ಷಷ್ಠಿಯ ಬಹುವಚನ. ಈ ಷಷ್ಠಿಯ ಬಹುವಚನ ಅನ್ನುವುದು ಒಂದು ಕಡೆ ನಿಂತ ಪ್ರಾಣಿಯಲ್ಲ. ಕೆಲವು ಪದಕ್ಕೆ 'ಓವ್' ಹತ್ತುತ್ತದೆ, ಕೆಲವಕ್ಕೆ 'ಯೇಯ್', ಇನ್ನು ಕೆಲವಕ್ಕೆ ಏನೂ ಹತ್ತದೆ ಇದ್ದ ಸ್ವರವೂ ಬಿದ್ದುಹೋಗುತ್ತದೆ. ಹಾಗೆ ಬಿದ್ದ ಮೇಲೆ ಕೊನೆಯಲ್ಲಿ ವ್ಯಂಜನಗಳು ಒತ್ತೊತ್ತಾಗಿ ಉಳಿದರೆ ನಡುವೆ ಹೊಸದೊಂದು ಸ್ವರ ಹುಟ್ಟಿಕೊಳ್ಳುತ್ತದೆ. 'ಸಿಸ್ತ್ಯೋರ್' ಆಗುವುದು ಹೀಗೆ. ಒಂದು ಕಿಟಕಿ 'ಅಕ್ನೋ', ಐದು ಕಿಟಕಿಗೆ 'ಓಕನ್'. ಇದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು 'ಉ ಮಿನ್ಯಾ ಪ್ಯಾತ್ ಸಿಸ್ತ್ಯೋರ್' ಅನ್ನುವಷ್ಟರಲ್ಲಿ ಮಾಮಾ ಇಡೀ ಪಂಕ್ತಿಗೆ ಕೇಳುವಂತೆ, "ಇಷ್ಟ ಓದಿ ಐದರತನಕ ಎಣಸಾಕ ಬರವಲ್ದು" ಅಂತ ಘೋಷಿಸಿಯಾಗಿತ್ತು.

"ಮಾಮಾ, ನಿನಗ ಇಪ್ಪತ್ತೊಂದು ಮಂದಿ ಇದ್ದಿದ್ರ ಸಲೀಸಾಗಿತ್ತು ನೋಡು" ಅಂದೆ. ಹಾಸ್ಯಕ್ಕೆ ಅಂದದ್ದಲ್ಲ. ರಷ್ಯನ್‌ನಲ್ಲಿ ಇಪ್ಪತ್ತೊಂದಾದರೆ ಕೊನೆಯ ಒಂದನ್ನು ಹಿಡಿದು ನಾಮಪದ ಮತ್ತೆ ಏಕವಚನಕ್ಕೆ ಬರುತ್ತದೆ, ಪ್ರಥಮಾ ವಿಭಕ್ತಿಗೇ. "ಅಷ್ಟು ಮಂದಿ ಲಗ್ನಾ ಮಾಡೂದ್ರಾಗ ನಾ ಹೋಗೇ ಬಿಡ್ತಿದ್ನೆಲ್ಲ" ಅಂದ. ಅಷ್ಟರಲ್ಲಿ ಹುಗ್ಗಿ ಬಂತು.

ಎರಡರಿಂದ ನಾಲ್ಕಕ್ಕೆ ಒಂದು ನಮೂನೆ, ಐದರಿಂದ ಇನ್ನೊಂದು ಯಾಕೆ ಅಂತ ಅವನು ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಹಳೆಯ ರಷ್ಯನ್‌ನಲ್ಲಿ ಸಂಸ್ಕೃತದ ಹಾಗೆ ದ್ವಿವಚನ ಇತ್ತು. ಅದು ಸತ್ತಿತು, ಆದರೆ ಎರಡರ ಪಕ್ಕದಲ್ಲಿ ಅದರ ರೂಪ ಉಳಿದು, ಬರಬರುತ್ತ ಮೂರು ನಾಲ್ಕಕ್ಕೂ ಅಂಟಿಕೊಂಡಿತು. ಶಾಲೆಯಲ್ಲಿ 'ರಾಮಃ ರಾಮೌ ರಾಮಾಃ' ಒದರಿದವರಿಗೆ ಇದು ತಟ್ಟನೆ ಹಿಡಿಸುತ್ತದೆ.

ಕಠಿಣ ಅನ್ನಬೇಕಾದ್ದು ಇನ್ನೊಂದಿದೆ, ಲಿಂಗ. ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ಪುಸ್ತಕ ಕೆಳಗೆ 'ಬಿದ್ದಳು'. ಹುಬ್ಬಳ್ಳಿಯಲ್ಲಿ ಹಿಂದಿ, ಉರ್ದು ಕೇಳುತ್ತ ಬೆಳೆದವರಿಗೆ ಇದೇನು ಹೊಸದಲ್ಲ. ಮೇಲಾಗಿ ರಷ್ಯನ್‌ನಲ್ಲಿ ಪದದ ಕೊನೆ ನೋಡಿದರೆ ಬಹುಪಾಲು ಲಿಂಗ ಗೊತ್ತಾಗುತ್ತದೆ. ವ್ಯಂಜನ ಬಂದರೆ ಗಂಡು, 'ಆ' ಬಂದರೆ ಹೆಣ್ಣು. ಮೆದು ವ್ಯಂಜನದಲ್ಲಿ, ಅಂದರೆ 'ಯ್' ಛಾಯೆ ಹತ್ತಿಸಿ ಉಚ್ಚರಿಸುವ ವ್ಯಂಜನದಲ್ಲಿ, ಮುಗಿಯುವ ಪದಗಳನ್ನು ಮಾತ್ರ ಬಾಯಿಪಾಠ ಮಾಡಬೇಕು. ಹಗಲು ಗಂಡು, ರಾತ್ರಿ ಹೆಣ್ಣು, ಎರಡೂ ಮೆದುವಾಗಿಯೇ ಮುಗಿಯುತ್ತವೆ. ಕಾಫಿಯ ವಿಷಯದಲ್ಲಂತೂ ರಷ್ಯನ್ನರೇ ಬಡಿದಾಡಿಕೊಂಡಿದ್ದಾರೆ. ಪದದ ಕೊನೆ ನೋಡಿದರೆ ನಪುಂಸಕ, ವ್ಯಾಕರಣದ ಪುಸ್ತಕದ ಪ್ರಕಾರ ಗಂಡು. ನಪುಂಸಕವೂ ನಡೆಯುತ್ತದೆ ಅನ್ನುವ ನಿಘಂಟಿಗೆ 2009ರಲ್ಲಿ ಸರ್ಕಾರದ ಮಾನ್ಯತೆ ಸಿಕ್ಕಾಗ ಅಲ್ಲಿನ ಜನ ಹೌಹಾರಿದ್ದರು.

ಊರ ಹೆಸರಿನ ಮೋಜು ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಧಾರವಾಡ ರಷ್ಯನ್‌ಗೆ ಹೋದರೆ ವ್ಯಂಜನದಲ್ಲಿ ಮುಗಿಯುವ ಗಂಡು ಪದ. ಧಾರವಾಡಕ್ಕೆ, ಧಾರವಾಡದಲ್ಲಿ, ಧಾರವಾಡದಿಂದ ಅಂತ ಒಂದೊಂದಕ್ಕೂ ರೂಪ ಬದಲಿಸುತ್ತದೆ. ಗದಗೂ ಹಾಗೇ. ಹುಬ್ಬಳ್ಳಿಯನ್ನು ಅವರು 'ಹುಬ್ಲಿ' ಅಂತ ಬರೆಯುತ್ತಾರೆ, ಅದು ಮಾತ್ರ ಯಾವ ವಿಭಕ್ತಿಗೂ ಜಪ್ಪಯ್ಯ ಅಂದರೂ ಬಾಗುವುದಿಲ್ಲ. ಈ ಮಾತು ಹೇಳಿದಾಗೆಲ್ಲ ಹುಬ್ಬಳ್ಳಿಯವರು ಎದೆ ಉಬ್ಬಿಸುತ್ತಾರೆ. ಹಾವೇರಿಯೂ ಬಾಗುವುದಿಲ್ಲ, ಆದರೆ ಅವರು ಅದನ್ನು ಹೇಳಿಕೊಂಡು ತಿರುಗುವುದಿಲ್ಲ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ರಷ್ಯನ್ನನ್ನು ಯಾವ ಭಾಷೆಯಿಂದ ಕಲಿತೆ?

ನಮ್ಮ ಕೈಗೆ ಬಂದ ಪುಸ್ತಕ ಇಂಗ್ಲಿಷಿನದು. ಇಂಗ್ಲಿಷ್ ಬಲ್ಲವನಿಗೆ ಏನೇನು ವಿಚಿತ್ರ ಅನ್ನಿಸುತ್ತದೋ ಅದಕ್ಕೆಲ್ಲ ಚೌಕದೊಳಗೆ ಎಚ್ಚರಿಕೆ ಬರೆದಿದ್ದರು. 'ಮ್ನ್ಯೇ ಹೋಲದ್ನ' ಅನ್ನುವ ವಾಕ್ಯದ ಕೆಳಗೆ ಅರ್ಧ ಪುಟ ವಿವರಣೆ ಇತ್ತು. ಇಲ್ಲಿ ಕರ್ತೃ ಇಲ್ಲ, ಅನುಭವಿಸುವವನು ಚತುರ್ಥಿಯಲ್ಲಿದ್ದಾನೆ, ಗಮನಿಸಿ, ಮರೆಯಬೇಡಿ. ನಾವು ತಲೆ ತಗ್ಗಿಸಿ ನೋಟ್ಸ್ ಇಳಿಸಿಕೊಳ್ಳುತ್ತಿದ್ದೆವು. ಹಿಂದಿನ ಬೆಂಚಿನಲ್ಲಿದ್ದ ರೋಣದ ಕಡೆಯ ಹುಡುಗ ತನ್ನಷ್ಟಕ್ಕೆ ತಾನು "ನನಗ ಥಂಡಿ" ಅಂದ. ಅಷ್ಟೇ. ಅರ್ಧ ಪುಟ ಅಲ್ಲಿಗೆ ಮುಗಿಯಿತು. ವಯಸ್ಸು ಹೇಳುವುದೂ ಚತುರ್ಥಿಯಲ್ಲೇ, ನನಗೆ ಇಪ್ಪತ್ತು ವರ್ಷ. ಇಷ್ಟ ಅನ್ನುವುದೂ ಹಾಗೇ, ನನಗೆ ಇಷ್ಟ. 'ಎತ್ತ ಕ್ನೀಗಾ' ಅಂದರೆ ಇದು ಪುಸ್ತಕ, ನಡುವೆ ಯಾವ ಕ್ರಿಯಾಪದವೂ ಬೇಡ. 'ಉ ಮಿನ್ಯಾ' ಅಂದರೆ ನನ್ನ ಹತ್ತಿರ. ಇಂಗ್ಲಿಷಿನವರ 'ಹ್ಯಾವ್' ರಷ್ಯನ್ನರಿಗೂ ಬೇಕಿಲ್ಲ, ನಮಗೂ ಬೇಕಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ದ್ವಿತೀಯಾದ ಪಾಠಕ್ಕೆ. ಗಂಡು ಪದದಲ್ಲಿ ಜೀವ ಇದ್ದರೆ ಒಂದು ರೂಪ, ಇಲ್ಲದಿದ್ದರೆ ಇನ್ನೊಂದು. ಮೇಜನ್ನು ನೋಡಿದರೆ ಮೇಜು ಬದಲಾಗುವುದಿಲ್ಲ, ವಿದ್ಯಾರ್ಥಿಯನ್ನು ನೋಡಿದರೆ ಅವನ ಕೊನೆಗೆ 'ಆ' ಹತ್ತುತ್ತದೆ. ಇದನ್ನು ಪುಸ್ತಕ ಮಹಾ ರಹಸ್ಯದಂತೆ ಬಿಚ್ಚಿಡುತ್ತದೆ. ನಾವು ಮನೆಯಲ್ಲಿ ಏನನ್ನುತ್ತೇವೆ? "ಪೆನ್ನು ತಾ." "ತಮ್ಮನ್ನ ಕರಕೊಂಡು ಬಾ." ಪೆನ್ನಿಗೆ 'ಅನ್ನು' ಬೇಡ, ತಮ್ಮನಿಗೆ ಬೇಕೇ ಬೇಕು. ಇದನ್ನು ನಮಗೆ ಯಾರೂ ಕಲಿಸಿಲ್ಲ, ತಪ್ಪಿದರೆ ಮಾತ್ರ ಕಿವಿಗೆ ಚುಚ್ಚುತ್ತದೆ. ಎರಡೂ ಕಡೆ ಲೆಕ್ಕ ಒಂದೇ ಅಂತಲ್ಲ. ರಷ್ಯನ್‌ನಲ್ಲಿ ತೀರಿಹೋದ ಮನುಷ್ಯ ಅನ್ನುವ ಪದಕ್ಕೆ ಜೀವ ಇದೆ, ಹೆಣ ಅನ್ನುವ ಪದಕ್ಕೆ ಇಲ್ಲ. ಆದರೆ ಈ ಬಗೆಯ ವ್ಯತ್ಯಾಸ ಅಂತ ಒಂದಿರುತ್ತದೆ ಅನ್ನುವುದಕ್ಕೆ ಕನ್ನಡದವಳಿಗೆ ಇಂಗ್ಲಿಷಿನಲ್ಲಿ ಪಾಠ ಯಾಕೆ?

ಕನ್ನಡ ಎಲ್ಲ ಕಡೆ ಕೈ ಹಿಡಿಯುತ್ತದೆ ಅಂತ ಬುರುಡೆ ಬಿಡುವುದಿಲ್ಲ. ನಾವು 'ಗಳು' ಹಚ್ಚಿ ಅದರ ಮೇಲೆ 'ಇಗೆ' ಹಚ್ಚುತ್ತೇವೆ, ಅವರಲ್ಲಿ ವಚನ, ವಿಭಕ್ತಿ ಎರಡೂ ಒಂದೇ ಪ್ರತ್ಯಯದಲ್ಲಿ ಬೆಸೆದುಕೊಂಡಿವೆ. ನಮ್ಮ 'ಹೊಸ' ಎಂದೆಂದಿಗೂ 'ಹೊಸ', ಅವರ ವಿಶೇಷಣ ನಾಮಪದದ ಬೆನ್ನು ಹತ್ತಿ ಆರೂ ವಿಭಕ್ತಿ ತಿರುಗುತ್ತದೆ.

ಈಚೆಗೆ ಹಾವೇರಿ, ಗದಗ ಕಡೆಯಿಂದ ಫೋನುಗಳು ಜಾಸ್ತಿ. "ಮೇಡಂ, ಮಗ ರಷ್ಯಾಕ್ಕ ಎಂಬಿಬಿಎಸ್‌ಗೆ ಹೊಂಟಾನ್ರಿ. ಕ್ಲಾಸು ಇಂಗ್ಲಿಷ್‌ನಾಗ ಅಂತ ಏಜೆಂಟ್ ಹೇಳ್ಯಾನ. ಆದ್ರೂ ರಷ್ಯನ್ ಬೇಕೇನ್ರಿ?" ಬೇಕ್ರೀ. ಕ್ಲಾಸು ಇಂಗ್ಲಿಷ್‌ನಲ್ಲಿ ಇರಬಹುದು, ವಾರ್ಡಿನಲ್ಲಿ ಮಲಗಿದ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಆಕೆ "ಉ ಮಿನ್ಯಾ ಬಲೀತ್ ಗಲವಾ" ಅಂದರೆ ತಲೆ ನೋಯುತ್ತಿದೆ ಅಂತ ನಿಮ್ಮ ಮಗನಿಗೆ ತಿಳಿಯಬೇಕು.

ನನ್ನ ಹತ್ತಿರ ರಷ್ಯನ್ ಕಲಿಯಲು ಬಂದ ಹುಡುಗರಿಗೆ ಹೈಸ್ಕೂಲಿನ ಕನ್ನಡ ವ್ಯಾಕರಣದ ಪುಸ್ತಕ ತಗೊಂಡು ಬಾ ಅನ್ನುತ್ತೇನೆ. "ರದ್ದಿಗೆ ಹಾಕೇವ್ರಿ ಮೇಡಂ" ಅನ್ನುತ್ತಾರೆ. ಇಂಗ್ಲಿಷ್ ಮೀಡಿಯಂನವರಿಗಂತೂ ಮೊದಲು ಕನ್ನಡದ ವಿಭಕ್ತಿ, ಆಮೇಲೆ ರಷ್ಯನ್ನಿನದು. 'ನನಗ ಥಂಡಿ' ದಾಟಿದ ಮೇಲೆ ಹುಡುಗರು ಚುರುಕಾಗುತ್ತಾರೆ, ಇಷ್ಟೇ ಏನ್ರಿ ಅನ್ನುತ್ತಾರೆ. ಐದು ಅಕ್ಕತಂಗಿಯರ ವಿಷಯ ನಾನಾಗಿ ಎತ್ತುವುದಿಲ್ಲ. ಫೀ ಪೂರ್ತಿ ಬಂದ ಮೇಲೆ ಹೇಳುತ್ತೇನೆ.