ಲೆಖ್ ನದಿಯ ಜೊತೆಗೆ ನಡಿಗೆ: ಆಲ್ಪ್ಸ್‌ಗೆ ಮೊದಲ ಸಲ ಹೋಗುವವರಿಗೆ

ಆಲ್ಪ್ಸ್‌ನಲ್ಲಿ ಮೊದಲ ಸಲ ಕೆಲವು ದಿನ ನಡೆಯಬೇಕೆನ್ನುವವರಿಗೆ ನಮ್ಮ ಮೊದಲ ಸಲಹೆ ಆಸ್ಟ್ರಿಯಾದ ಲೆಖ್‌ವೇಗ್. ಫೋರ್ಮರಿನ್ ಸರೋವರದ ಬಳಿ ಶುರುವಾಗಿ, ಟಿರೋಲ್‌ನ ಲೆಖ್ ಕಣಿವೆ ಹಾದು, ಜರ್ಮನಿಯ ಫ್ಯೂಸೆನ್‌ನಲ್ಲಿ ಮುಗಿಯುವ ಸುಮಾರು 125 ಕಿ.ಮೀ. ದಾರಿ ಇದು. ಹಗ್ಗ ಹಿಡಿದು ಬಂಡೆ ಹತ್ತಬೇಕಿಲ್ಲ, ಟೆಂಟ್ ಹೊರಬೇಕಿಲ್ಲ; ರಾತ್ರಿ ಯಾವುದಾದರೂ ಹಳ್ಳಿಯ ವಸತಿಗೃಹದಲ್ಲಿ ಉಳಿಯಬಹುದು. ಕಣಿವೆಯ ರಸ್ತೆಯಲ್ಲಿ ಬಸ್ಸು ಓಡಾಡುವುದರಿಂದ ಕಾಲು ಸೋತ ದಿನ ಮುಂದಿನ ಊರಿಗೆ ಬಸ್ಸು ಹತ್ತಿದರಾಯಿತು.

ನದಿಯ ಜೊತೆ ಇಳಿಯುವ ದಾರಿ ತಾನೇ, ಸುಲಭ ಎಂದುಕೊಂಡು ಅನೇಕರು ದಿನಕ್ಕೆ 20 ಕಿ.ಮೀ. ಲೆಕ್ಕದಲ್ಲಿ ರೂಮ್ ಕಾದಿರಿಸಿಬಿಡುತ್ತಾರೆ. ಎಡವಟ್ಟಾಗುವುದು ಇಲ್ಲೇ. ದಾರಿ ನದಿಯ ಪಕ್ಕದಲ್ಲೇ ಹೋಗುವುದಿಲ್ಲ. ಕಾಡಿನ ಇಳಿಜಾರಿನಲ್ಲಿ ಮತ್ತೆ ಮತ್ತೆ ಹತ್ತಿಳಿಯುತ್ತದೆ. ಆಲ್ಪ್ಸ್‌ನಲ್ಲಿ ದೂರಕ್ಕಿಂತ ಗಂಟೆಯ ಲೆಕ್ಕ ಮುಖ್ಯ. ಅಲ್ಲಿನ ಸೂತ್ರ ಹೀಗಿದೆ: ಗಂಟೆಗೆ 4 ಕಿ.ಮೀ. ನಡಿಗೆ, 300 ಮೀ. ಏರು, 500 ಮೀ. ಇಳಿತ. ನಡಿಗೆಯ ಸಮಯ ಒಂದು ಕಡೆ, ಏರಿಳಿತದ ಸಮಯ ಇನ್ನೊಂದು ಕಡೆ ಬರೆದು, ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಿ. 12 ಕಿ.ಮೀ., 400 ಮೀ. ಏರು, 500 ಮೀ. ಇಳಿತ ಇದ್ದರೆ ನಡಿಗೆಗೆ 3 ಗಂಟೆ, ಏರಿಳಿತಕ್ಕೆ 2 ಗಂಟೆ 20 ನಿಮಿಷ. ಒಟ್ಟು 4 ಗಂಟೆ 10 ನಿಮಿಷ. ಇದರಲ್ಲಿ ವಿಶ್ರಾಂತಿ ಸೇರಿಲ್ಲ. ಹೊಸಬರು ಇನ್ನೊಂದೂವರೆ ಗಂಟೆ ಕೂಡಿಸಿಕೊಳ್ಳಲಿ. ಹಳದಿ ಕೈಮರಗಳ ಮೇಲಿನ ಸಮಯವನ್ನೂ ಹೀಗೇ ಓದಬೇಕು.

ಆದ್ದರಿಂದ ಮೊದಲ ಮೂರು ದಿನ ಚಿಕ್ಕದಾಗಿರಲಿ: ಫೋರ್ಮರಿನ್‌ನಿಂದ ಲೆಖ್ ಊರು, ಅಲ್ಲಿಂದ ವಾರ್ಟ್, ಅಲ್ಲಿಂದ ಷ್ಟೇಗ್. ಏರಿಳಿತ, ಬೇರು ತುಂಬಿದ ಕಿರುದಾರಿ ಇಲ್ಲೇ ಹೆಚ್ಚು. ಮಳೆ ಬಂದರೆ ಬೇರುಗಳು ಜಾರುತ್ತವೆ, ಊರುಗೋಲು ಬೇಕೇ ಬೇಕು. ಸರೋವರದ ಕಡೆಗೆ ಹೋಗುವ ಬಸ್ಸು ಬೇಸಿಗೆಯಲ್ಲಷ್ಟೇ ಇರುತ್ತದೆ. ಆ ವರ್ಷದ ವೇಳಾಪಟ್ಟಿ ನೋಡಿದ ಮೇಲೇ ವಿಮಾನದ ಟಿಕೆಟ್ ತೆಗೆಯಿರಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಬೆಳಿಗ್ಗೆ ಎಂಟಕ್ಕೆ ಹೊರಟು ಎರಡರೊಳಗೆ ಊರು ಸೇರಿ. ನಮ್ಮ ಆಯ್ಕೆ ಸೆಪ್ಟೆಂಬರ್‌ನ ಮೊದಲ ಎರಡು ವಾರ.

ಹೋಲ್ಟ್ಸ್‌ಗೌ ಊರಿನ ಮೇಲೆ 200 ಮೀ. ಉದ್ದದ ತೂಗುಸೇತುವೆ ಇದೆ, ಕೆಳಗೆ ನೂರು ಮೀಟರಿಗೂ ಹೆಚ್ಚು ಆಳ. ತಲೆಸುತ್ತು ಬರುವವರು ಹಠ ಮಾಡದೆ ಕೆಳಗಿನ ಕಮರಿಯ ದಾರಿ ಹಿಡಿಯಲಿ. ಕರುವಿನ ಜೊತೆ ಮೇಯುವ ಹಸುಗಳಿಂದ ದೂರವಿರಿ, ದಾಟಿದ ಗೇಟು ಮುಚ್ಚಿ. ಆಸ್ಟ್ರಿಯಾದ ಬೆಟ್ಟದಲ್ಲಿ ಅಪಾಯವಾದರೆ 140ಕ್ಕೆ ಕರೆ ಮಾಡಿ.

ಸಸ್ಯಾಹಾರಿಗಳಿಗೊಂದು ಮಾತು. ಚೀಸ್ ಹಾಕಿದ ಕಾಸ್‌ಪ್ರೆಸ್‌ಕ್ನೋಡೆಲ್ ಉಂಡೆ ನೋಡಲು ಸಸ್ಯಾಹಾರವೇ, ಆದರೆ ಅದನ್ನು ಹೆಚ್ಚಾಗಿ ದನದ ಮಾಂಸದ ಸಾರಿನಲ್ಲಿ ಮುಳುಗಿಸಿ ಕೊಡುತ್ತಾರೆ. ಸಲಾಡ್ ಜೊತೆ ಕೊಡಿ ಎಂದು ಕೇಳಿ. ಕೇಸೆಷ್ಪೆಟ್ಸ್ಲೆ, ಅಂದರೆ ಚೀಸ್ ಬೆರೆಸಿದ ಹಿಟ್ಟಿನ ಎಳೆಗಳು, ಹೊಟ್ಟೆ ತುಂಬಿಸುತ್ತದೆ; ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡದಂಥ ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಬ್ರೆಡ್ಡು ಹಣ್ಣು ಕೊಂಡಿಡಿ.

ಬೆನ್ನಿನ ಚೀಲ 30 ಲೀಟರ್, ತೂಕ ಆರು ಕಿಲೋ ದಾಟದಿರಲಿ. ಜೀನ್ಸ್ ಬೇಡ, ಒದ್ದೆಯಾದರೆ ಒಣಗದು. ಹೊಸ ಶೂ ಹಾಕಿಕೊಂಡು ಹೋಗಲೇಬೇಡಿ. ಅದರಲ್ಲೇ ಇಲ್ಲಿ ಐವತ್ತು ಕಿಲೋಮೀಟರಾದರೂ ನಡೆದಿರಬೇಕು. ಪಾದದಲ್ಲಿ ಎಲ್ಲಾದರೂ ಬಿಸಿ ಅನ್ನಿಸಿದ ಕೂಡಲೇ ಕೂತು ಟೇಪ್ ಹಚ್ಚಿ, ಬೊಬ್ಬೆ ಎದ್ದ ಮೇಲೆ ಹಚ್ಚಿ ಪ್ರಯೋಜನ ಕಡಿಮೆ. ಮೈಸೂರಿನವರು ಚಾಮುಂಡಿಯ ಸಾವಿರ ಮೆಟ್ಟಿಲನ್ನು ಹತ್ತುವುದಷ್ಟೇ ಅಲ್ಲ, ಇಳಿಯುವುದನ್ನೂ ಅಭ್ಯಾಸ ಮಾಡಿ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ.

ಹೆಚ್ಚು ರಾತ್ರಿ ಆಸ್ಟ್ರಿಯಾದಲ್ಲೇ ಕಳೆಯುವುದರಿಂದ ಷೆಂಗೆನ್ ವೀಸಾಕ್ಕೆ ಅಲ್ಲಿಗೇ ಅರ್ಜಿ ಹಾಕಬೇಕು. ಕಡ್ಡಾಯವಾದ 30,000 ಯೂರೋ ವಿಮೆಯಲ್ಲಿ ಟ್ರೆಕ್ಕಿಂಗ್ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ ಎಂದು ಓದಿ ನೋಡಿ. ಇಲ್ಲದಿದ್ದರೆ ಆ ಖರ್ಚು ನಿಮ್ಮ ತಲೆಯ ಮೇಲೇ ಬೀಳುತ್ತದೆ.

ಇಡೀ ದಾರಿಗೆ ಎಂಟು ದಿನ ಇಟ್ಟುಕೊಳ್ಳಿ. ಐದೇ ದಿನ ರಜೆಯಿದ್ದರೆ ಓಡಬೇಡಿ. ದಾರಿಯ ನಡುವಿನ ಷ್ಟಾನ್‌ಸಾಖ್ ಊರಿನವರೆಗೆ ನಡೆದು, ಬಸ್ಸಿನಲ್ಲಿ ರಾಯ್ಟೆ ಪಟ್ಟಣಕ್ಕೆ ಬಂದು, ಅಲ್ಲಿಂದ ಗಾರ್ಮಿಷ್ ಮೂಲಕ ಮ್ಯೂನಿಕ್‌ಗೆ ರೈಲು ಹಿಡಿಯಿರಿ.