ಅಮೃತಶಿಲೆಯ ಚರ್ಚಿನಲ್ಲಿ ಅಣ್ಣತಮ್ಮಂದಿರ ಜಗಳ

ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಿಂದ ದಕ್ಷಿಣಕ್ಕೆ ಹೊರಟು ಕ್ರಾಲ್ಯೆವೊ ದಾಟಿದ ಮೇಲೆ ರಸ್ತೆ ಇಬಾರ್ ನದಿಯ ಜೊತೆಗೂಡುತ್ತದೆ. ಅಲ್ಲಿಂದ ಮುಂದೆ ನದಿ, ರಸ್ತೆ, ರೈಲು ಹಳಿ ಮೂರೂ ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಎತ್ತರದಲ್ಲಿ ಮಾಗ್ಲಿಚ್ ಕೋಟೆ ಕಾಣುತ್ತದೆ. ಈ ಕಣಿವೆಗೆ ಲೈಲಾಕ್ ಹೂವಿನ ಕಣಿವೆ ಅಂತ ಹೆಸರು. ಉರೋಶ್ ಎಂಬ ರಾಜ ಫ್ರೆಂಚ್ ಮೂಲದ ತನ್ನ ಮದುವಣಗಿತ್ತಿ ಬರುವ ದಾರಿಯುದ್ದಕ್ಕೂ ಆ ಗಿಡ ನೆಡಿಸಿದ್ದನಂತೆ. ಕಥೆ ಚೆನ್ನಾಗಿದೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆ ರಾಜನ ಮನೆಯಲ್ಲಿ ಮುಂದೆ ಏನಾಯಿತು ಅನ್ನೋದಂತೂ ಇತಿಹಾಸ, ಅದಕ್ಕೆ ಆಮೇಲೆ ಬರುತ್ತೇನೆ.

ಉಶ್ಚೆ ಎಂಬ ಸಣ್ಣ ಊರಲ್ಲಿ ಇಳಿದು ಟ್ಯಾಕ್ಸಿ ಹಿಡಿದರೆ ಹತ್ತು-ಹನ್ನೆರಡು ಕಿಲೋಮೀಟರ್ ಬೆಟ್ಟದ ದಾರಿ. ಕೊನೆಗೆ ಸಿಗೋದು ಸ್ಟುಡೆನಿತ್ಸಾ ಮಠ. ಸುತ್ತ ದುಂಡನೆಯ ಕಲ್ಲಿನ ಗೋಡೆ. ಒಳಗೆ ಹುಲ್ಲುಹಾಸಿನ ನಡುವೆ ಬಿಳಿ ಅಮೃತಶಿಲೆಯ ಚರ್ಚು, ತಲೆಯ ಮೇಲೆ ಗುಮ್ಮಟ. ಇದನ್ನು ಕಟ್ಟಿಸಿದವನು ಸ್ಟೆಫಾನ್ ನೆಮಾನ್ಯ. ಹನ್ನೆರಡನೇ ಶತಮಾನದಲ್ಲಿ ಸರ್ಬಿಯಾವನ್ನು ಒಂದು ಗಟ್ಟಿ ರಾಜ್ಯ ಮಾಡಿದ ದೊರೆ. 1986ರಿಂದ ಈ ಮಠ ಯುನೆಸ್ಕೋ ಪಟ್ಟಿಯಲ್ಲಿದೆ.

ನಾನು ಇಲ್ಲಿಗೆ ಬಂದಿದ್ದು ಚಿತ್ರಗಳನ್ನು ನೋಡೋಕೆ. ಆದರೆ ಒಳಗೆ ಕಾಲಿಟ್ಟ ಮೇಲೆ ನನ್ನ ತಲೆಯಲ್ಲಿ ಓಡಿದ್ದು ಪೂರಾ ಆ ಮನೆಯವರ ಪುರಾಣ. ಯಾಕೆಂದರೆ ಇದು ಒಂದೇ ಕುಟುಂಬದ ಸಮಾಧಿ ಮಂದಿರ. ಅಪ್ಪ, ಅಮ್ಮ, ಮಗ, ಮೊಮ್ಮಗ ಎಲ್ಲರನ್ನೂ ಇಲ್ಲೇ ತಂದು ಮಲಗಿಸಿದ್ದಾರೆ.

ನೆಮಾನ್ಯ ನಾಲ್ವರು ಅಣ್ಣತಮ್ಮಂದಿರಲ್ಲಿ ಕಿರಿಯವನು. ಪಟ್ಟ ಸಿಕ್ಕಿದ್ದು ಹಿರಿಯಣ್ಣ ತಿಹೊಮಿರ್‌ಗೆ. ತಮ್ಮ ಸುಮ್ನೆ ಕೂರಲಿಲ್ಲ. 1160ರ ದಶಕದ ಕೊನೆಯಲ್ಲಿ ಕೊಸೊವೊದ ಪಾಂಟಿನೊ ಹತ್ತಿರ ಇಬ್ಬರಿಗೂ ಯುದ್ಧವಾಯಿತು. ಸೋತ ತಿಹೊಮಿರ್ ಸಿಟ್ನಿತ್ಸಾ ನದಿಯಲ್ಲಿ ಮುಳುಗಿ ಸತ್ತ. ಕೆಲವೇ ವರ್ಷದಲ್ಲಿ ನೆಮಾನ್ಯನಿಗೂ ತಲೆ ತಗ್ಗಿಸುವ ಸರದಿ ಬಂತು. 1172ರಲ್ಲಿ ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿ ಮಾನುಯೆಲ್ ಮುಂದೆ ಬರಿಗಾಲಲ್ಲಿ, ಕುತ್ತಿಗೆಗೆ ಹಗ್ಗ ಕಟ್ಟಿಕೊಂಡು, ತನ್ನ ಕತ್ತಿಯನ್ನು ತಾನೇ ಒಪ್ಪಿಸಿ ಶರಣಾದ. ಆ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನೆಮಾನ್ಯನನ್ನು ವಿಜಯದ ಮೆರವಣಿಗೆಯಲ್ಲಿ ನಡೆಸಿದರು. ಆ ಚಕ್ರವರ್ತಿ ಸತ್ತಿದ್ದೇ ತಡ, ನೆಮಾನ್ಯ ಮತ್ತೆ ತಲೆ ಎತ್ತಿದ.

ಇಂಥ ಗಟ್ಟಿ ಮನುಷ್ಯನನ್ನು ಮಣಿಸಿದವನು ಕಿರಿಮಗ ರಾಸ್ಟ್ಕೊ. ಹದಿಹರೆಯದ ಈ ಹುಡುಗ ಗ್ರೀಸ್‌ನ ಆಥೋಸ್ ಬೆಟ್ಟಕ್ಕೆ ಓಡಿಹೋಗಿ ಸನ್ಯಾಸಿಯಾಗಿಬಿಟ್ಟ. ಅಪ್ಪ ಸೈನಿಕರನ್ನು ಅಟ್ಟಿದ. ಹುಡುಗ ಅವರಿಗೆಲ್ಲ ಭರ್ಜರಿ ಊಟ ಹಾಕಿಸಿ, ಅವರು ನಿದ್ದೆ ಹೋದಾಗ ತಲೆ ಬೋಳಿಸಿಕೊಂಡನಂತೆ. ಬೆಳಗ್ಗೆ ಗೋಪುರದ ಮೇಲಿಂದ ತನ್ನ ಕೂದಲು, ರಾಜವಸ್ತ್ರ ಎರಡನ್ನೂ ಕೆಳಗೆ ಎಸೆದು ‘ಇದನ್ನು ಅಪ್ಪನಿಗೆ ಕೊಡಿ’ ಎಂದನಂತೆ. ಅವನೇ ಮುಂದೆ ಸಂತ ಸಾವಾ. ಸರ್ಬಿಯಾದಲ್ಲಿ ಎಲ್ಲಿ ಹೋದರೂ ಕಣ್ಣಿಗೆ ಬೀಳುವ ಹೆಸರು.

1196ರಲ್ಲಿ ನೆಮಾನ್ಯನೇ ಸಿಂಹಾಸನ ಬಿಟ್ಟು ಸಿಮಿಯೋನ್ ಎಂಬ ಸನ್ಯಾಸಿಯಾದ. ಪಟ್ಟ ಕೊಟ್ಟಿದ್ದು ಹಿರಿಯ ಮಗ ವುಕಾನ್‌ಗೆ ಅಲ್ಲ, ಎರಡನೆಯವನಾದ ಸ್ಟೆಫಾನ್‌ಗೆ. ಕಾರಣ ಊಹಿಸೋದು ಕಷ್ಟವಿಲ್ಲ: ಸ್ಟೆಫಾನ್‌ನ ಹೆಂಡತಿ ಯುಡೋಕಿಯಾಳ ಅಪ್ಪ ಅಲೆಕ್ಸಿಯೋಸ್ ಹಿಂದಿನ ವರ್ಷವಷ್ಟೇ ಬೈಜಾಂಟಿಯಂ ಚಕ್ರವರ್ತಿ ಆಗಿದ್ದ. ಹಿರಿತನಕ್ಕಿಂತ ಬೀಗರ ನಂಟು ಜಾಸ್ತಿ ತೂಕದ್ದು ಅಂತ ಮುದುಕ ಲೆಕ್ಕ ಹಾಕಿದ. ಅಣ್ಣನನ್ನು ತಳ್ಳಿ ತಾನು ಪಟ್ಟಕ್ಕೇರಿದವನು ಮಕ್ಕಳಿಗೂ ಅದೇ ಬೆಂಕಿ ಹಚ್ಚಿ ಹೋದ ಅನ್ನೋದು ನನ್ನ ಅಭಿಪ್ರಾಯ.

ಆ ಮದುವೆಯೂ ಉಳಿಯಲಿಲ್ಲ. ಗಂಡ ಹೆಂಡತಿ ಜಗಳವಾಗಿ ಸ್ಟೆಫಾನ್ ಆಕೆಯನ್ನು ಒಂದು ಒಳ ಅಂಗಿಯಲ್ಲೇ ಮನೆಯಿಂದ ಹೊರಹಾಕಿದ ಅಂತ ಆ ಕಾಲದ ಗ್ರೀಕ್ ಇತಿಹಾಸಕಾರ ಬರೆದಿದ್ದಾನೆ. ಮರ್ಯಾದೆಯಿಂದ ಬಟ್ಟೆ, ಬೆಂಗಾವಲು ಕೊಟ್ಟು ಕಳಿಸಿದವನು ಗಂಡನಲ್ಲ, ಭಾವ ವುಕಾನ್! 1202ರಲ್ಲಿ ಇದೇ ವುಕಾನ್ ಹಂಗೇರಿಯ ನೆರವಿನಿಂದ ತಮ್ಮನನ್ನು ಓಡಿಸಿದ. ಎರಡು-ಮೂರು ವರ್ಷದಲ್ಲಿ ತಮ್ಮ ವಾಪಸ್ ಬಂದ. ಊರು ಸುಟ್ಟಿತು, ಜನ ಹಸಿದರು.

ನೆಮಾನ್ಯ ಅಷ್ಟರಲ್ಲಿ ತೀರಿಹೋಗಿದ್ದ. ಮಗ ಸಾವಾ ಜೊತೆ ಸೇರಿ ಆಥೋಸ್‌ನಲ್ಲಿ ಹಿಲಾಂದಾರ್ ಮಠ ಎಬ್ಬಿಸಿ, 1199ರಲ್ಲಿ ಅಲ್ಲೇ ಕಣ್ಣು ಮುಚ್ಚಿದ್ದ. ಅಣ್ಣಂದಿರ ಕಾದಾಟ ನಿಲ್ಲಿಸಲು ಸಾವಾ ಮಾಡಿದ್ದು ಒಂದೇ ಕೆಲಸ. ಅಪ್ಪನ ಅಸ್ಥಿಯನ್ನು ಗ್ರೀಸ್‌ನಿಂದ ಸ್ಟುಡೆನಿತ್ಸಾಕ್ಕೆ ಹೊತ್ತು ತಂದ. ಅದರ ಎದುರು ಇಬ್ಬರೂ ರಾಜಿಯಾದರು. ಹಿಲಾಂದಾರ್‌ನ ಖಾಲಿ ಸಮಾಧಿಯಿಂದ ಒಂದು ದ್ರಾಕ್ಷಿ ಬಳ್ಳಿ ಹುಟ್ಟಿತಂತೆ. ಮಕ್ಕಳಾಗದವರು ಇವತ್ತಿಗೂ ಅದರ ಒಣದ್ರಾಕ್ಷಿ ತರಿಸಿಕೊಳ್ಳುತ್ತಾರೆ.

ಇದಾದ ಸ್ವಲ್ಪದರಲ್ಲೇ, 1209ರಲ್ಲಿ, ಚರ್ಚಿಗೆ ಚಿತ್ರ ಬರೆಸಿದರು. ಪಶ್ಚಿಮದ ಗೋಡೆಯಲ್ಲಿ ಶಿಲುಬೆಯ ಮೇಲಿನ ಕ್ರಿಸ್ತ. ಕಡುನೀಲಿ ಆಕಾಶ, ಅದರ ತುಂಬ ಬಂಗಾರದ ಚುಕ್ಕೆಗಳು. ತಲೆ ಒಂದು ಕಡೆ ವಾಲಿದೆ. ಮುಖದಲ್ಲಿ ಸಂಕಟದ ಕಿರುಚಾಟ ಇಲ್ಲ, ದಣಿದು ನಿದ್ದೆ ಹೋದವನ ಹಾಗಿದೆ. ನಾನು ಅಲ್ಲಿ ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ. ಹೊರಗೆ ಬಂದರೆ ಕಿಟಕಿಗಳ ಸುತ್ತ ಬಳ್ಳಿ, ಹಕ್ಕಿ, ರೆಕ್ಕೆಯ ಮೃಗಗಳ ಕೆತ್ತನೆ. ಆ ಕೈಚಳಕ ಇಟಲಿ ಕಡೆಯದು, ಗುಮ್ಮಟ ಬೈಜಾಂಟಿಯಂನದು. ಇಬ್ಬರ ನಡುವೆ ಬದುಕಿದ ರಾಜ್ಯ ಅಲ್ವಾ!

ಸ್ಟೆಫಾನ್‌ನ ಕಿರೀಟವೂ ಹಾಗೇ. 1217ರಲ್ಲಿ ಅವನು ರೋಮ್‌ನ ಪೋಪ್ ಕಳಿಸಿದ ಕಿರೀಟ ಧರಿಸಿದ. ಎರಡೇ ವರ್ಷಕ್ಕೆ ಸಾವಾ ನಿಕಿಯಾಕ್ಕೆ ಹೋಗಿ, ಅಲ್ಲಿದ್ದ ಆರ್ಥೊಡಾಕ್ಸ್ (ಪೂರ್ವದ ಕ್ರೈಸ್ತರ) ಪೀಠದಿಂದ ಸರ್ಬಿಯಾಕ್ಕೆ ಸ್ವತಂತ್ರ ಚರ್ಚಿನ ಅನುಮತಿ ತಂದ. ಅಣ್ಣ ಒಂದು ಬಾಗಿಲು ತಟ್ಟಿದ, ತಮ್ಮ ಇನ್ನೊಂದು. ಇದರ ಹಿಂದೆ ಮಾತುಕತೆ ಇರಲಿಲ್ಲ ಅಂದರೆ ನಾನು ನಂಬೋಲ್ಲ.

ಅಮ್ಮ ಆನಾಳ ಸಮಾಧಿಯೂ ಇಲ್ಲಿದೆ. ಗಂಡ ಸನ್ಯಾಸ ತಗೊಂಡಾಗ ಈಕೆಯೂ ಅನಸ್ತಾಸಿಯಾ ಎಂಬ ಹೆಸರಲ್ಲಿ ಸನ್ಯಾಸಿನಿಯಾಗಿ ಕುರ್ಶುಮ್ಲಿಯಾದ ಹತ್ತಿರದ ಮಠ ಸೇರಿದಳು. ಆಥೋಸ್‌ಗೆ ಹೆಂಗಸರಿಗೆ ಪ್ರವೇಶವಿಲ್ಲ, ಆಗಲೂ ಇಲ್ಲ, ಈಗಲೂ ಇಲ್ಲ. ಗಂಡ, ಮಗ ಇದ್ದಲ್ಲಿಗೆ ಆಕೆ ಹೋಗುವಂತೆಯೇ ಇರಲಿಲ್ಲ. ನೆಮಾನ್ಯನ ಜೀವನಚರಿತ್ರೆ ಬರೆದವರು ಅವನ ಮಕ್ಕಳೇ. ಅಮ್ಮನ ಬಗ್ಗೆ ಅಂಥದ್ದೊಂದು ಇಲ್ಲ.

ಪಕ್ಕದಲ್ಲೇ ಒಂದು ಪುಟ್ಟ ಚರ್ಚಿದೆ. 1314ರ ಸುಮಾರಿಗೆ ಇದೇ ವಂಶದ ರಾಜ ಮಿಲುಟಿನ್ ಕಟ್ಟಿಸಿದ್ದು. ಗೋಡೆಯಲ್ಲಿ ಅವನೂ ಇದ್ದಾನೆ, ಪತ್ನಿ ಸಿಮೋನಿಡಾಳೂ ಇದ್ದಾಳೆ. ಮದುವೆಯಾದಾಗ ಆ ಬೈಜಾಂಟಿಯಂ ರಾಜಕುಮಾರಿಗೆ ಐದು ವರ್ಷ, ಅವನಿಗೆ ನಲವತ್ತು ದಾಟಿತ್ತು. ಈ ಚರ್ಚು ಕಟ್ಟಿಸಿದ ಆಸುಪಾಸಿನಲ್ಲೇ ಅವನು ದಂಗೆಯೆದ್ದ ತನ್ನ ಮಗನ ಕಣ್ಣು ಕೀಳಿಸಲು ಆಜ್ಞೆ ಕೊಟ್ಟ. ಲೈಲಾಕ್ ನೆಡಿಸಿದ ಉರೋಶ್ ಇದೇ ಮಿಲುಟಿನ್‌ನ ಅಪ್ಪ. 1276ರಲ್ಲಿ ಅವನನ್ನು ಪಟ್ಟದಿಂದ ಇಳಿಸಿದವನು ಇನ್ನೊಬ್ಬ ಮಗ ದ್ರಾಗುಟಿನ್. ಚಿತ್ರದಲ್ಲಿ ಮಾತ್ರ ನೆಮಾನ್ಯ, ಸಾವಾ, ಮಿಲುಟಿನ್ ಎಲ್ಲರೂ ಶಾಂತವಾಗಿ ನಿಂತಿದ್ದಾರೆ.

ಹೋಗುವವರಿಗೆ ಎರಡು ಮಾತು. 2023ರಿಂದ ಭಾರತೀಯರಿಗೆ ವೀಸಾ ಬೇಕು. ಸಸ್ಯಾಹಾರಿಗಳು ಹೋಟೆಲಲ್ಲಿ ‘ಪೋಸ್ನೊ’ ಅಂತ ಕೇಳಿ, ವ್ರತದ ಊಟ ಸಿಗುತ್ತದೆ. ಮೀನು ಬೇಡ ಅಂತ ಸೇರಿಸೋದು ಮರೀಬೇಡಿ. ವಾಪಸ್ ಬರುವಾಗ ಕ್ರಾಲ್ಯೆವೊ ಪಕ್ಕದ ಝಿಚಾ ಮಠವನ್ನೂ ನೋಡಿ. ಸ್ಟೆಫಾನ್ ಕಟ್ಟಿಸಿದ ಕೆಂಪು ಬಣ್ಣದ ಚರ್ಚು. ಪ್ರತಿ ಪಟ್ಟಾಭಿಷೇಕಕ್ಕೂ ಗೋಡೆ ಒಡೆದು ಹೊಸ ಬಾಗಿಲು ಮಾಡಿ, ರಾಜ ಒಳಗೆ ಹೋದ ಮೇಲೆ ಮುಚ್ಚಿಬಿಡುತ್ತಿದ್ದರಂತೆ. ಅದಕ್ಕೇ ಜನ ಅದನ್ನು ಏಳು ಬಾಗಿಲಿನ ಝಿಚಾ ಅಂತಾರೆ.