ಮಾವನ ತೋಟದ ಹಳ್ಳ

ಕೊಟ್ಟಿಗೆಹಾರದ ಹತ್ತಿರ ನಮ್ಮ ಸೋದರಮಾವನ ಕಾಫಿ ತೋಟ ಇದೆ. ತೋಟದ ಕೆಳಗಡೆ ಒಂದು ಹಳ್ಳ ಹರಿಯುತ್ತದೆ. ಬೇಸಿಗೆಯಲ್ಲೂ ಪೂರ್ತಿ ಬತ್ತುವುದಿಲ್ಲ. ನಾನು ಹೋದದ್ದು ಡಿಸೆಂಬರಿನಲ್ಲಿ, ಅರೇಬಿಕಾ ಕೊಯ್ಲು ನಡೆಯುತ್ತಿದ್ದಾಗ. ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ಅತ್ತೆಯ ಹತ್ತಿರ ಟೀ ಸೋಸುವ ಜಾಲರಿ, ಒಂದು ಬಿಳಿ ಪಿಂಗಾಣಿ ತಟ್ಟೆ ಕೇಳಿದೆ. "ಹುಳ ಹಿಡಿಯೋಕಾ? ಹಾಗಾದ್ರೆ ಆ ಜಾಲರಿ ಮನೆಗೆ ವಾಪಸ್ ತರಬೇಡ" ಅಂದರು. ನ್ಯಾಯವೇ!

ಹಳ್ಳ ಒಂದೇ ಥರ ಹರಿಯುವುದಿಲ್ಲ. ಸ್ವಲ್ಪ ದೂರ ಕಲ್ಲುಗಳ ಮೇಲೆ ಮೊಣಕಾಲಿಗೂ ಬಾರದಷ್ಟು ನೀರು ಸದ್ದು ಮಾಡುತ್ತಾ ಓಡುತ್ತದೆ. ಆಮೇಲೆ ಮಡು, ನೀರು ಆಳವಾಗಿ ತಣ್ಣಗೆ ನಿಂತಹಾಗೆ ಇರುತ್ತದೆ. ಮತ್ತೆ ಕಲ್ಲು, ಮತ್ತೆ ಮಡು. ಜಲ್ಲಿ, ಗುಂಡುಕಲ್ಲಿನ ತಳ ಇರುವ ಕಡೆ ಹಳ್ಳದ ಅಗಲದ 5ರಿಂದ 7 ಪಟ್ಟು ದೂರಕ್ಕೊಂದು ಮಡು ಬರುವುದು ಸಾಮಾನ್ಯ. ಘಟ್ಟದ ಕಡಿದಾದ ಜಾಗದಲ್ಲಿ ಇನ್ನೂ ಹತ್ತಿರ ಹತ್ತಿರ ಇರುತ್ತವೆ. ಇದನ್ನು ಮಾಡುವುದು ಮಳೆಗಾಲದ ನೀರೇ. ದೊಡ್ಡ ನೆರೆ ಬಂದಾಗ ಮಡುವಿನ ತಳ ಕೊರೆದು, ಅಲ್ಲಿಂದ ಎದ್ದ ಕಲ್ಲನ್ನು ಮುಂದೆ ಗುಡ್ಡೆ ಹಾಕುತ್ತದೆ. ನೆರೆ ಇಳಿದ ಮೇಲೆ ಮಡುವಿನಲ್ಲಿ ಹೂಳು ಕೂರುತ್ತದೆ, ಮುಂದಿನ ವರ್ಷ ಅದೂ ಕೊಚ್ಚಿಹೋಗುತ್ತದೆ.

ಜೋರು ನೀರಿನ ಒಂದು ಕಲ್ಲು ಎತ್ತಿ ಅಡಿ ನೋಡಿದೆ. ಮೇಫ್ಲೈ ಅನ್ನುವ ಕೀಟದ ಮರಿಗಳು! ಚಪ್ಪಟೆ ಮೈ, ನೆತ್ತಿಯ ಮೇಲೆ ಕಣ್ಣು, ಹಿಂದೆ ಬಾಲದ ಎಳೆಗಳು. ಮೈ ಚಪ್ಪಟೆ ಇರುವುದಕ್ಕೇ ಸೆಳವಿಗೆ ಸಿಗದೆ ಕಲ್ಲಿಗೆ ಒತ್ತಿಕೊಂಡು ಓಡಾಡುತ್ತವೆ. ಪಕ್ಕದಲ್ಲೇ ಕ್ಯಾಡಿಸ್ ಹುಳ ಕಲ್ಲುಗಳ ಸಂದಿಗೆ ರೇಷ್ಮೆಯ ಬಲೆ ಕಟ್ಟಿತ್ತು. ಬಲೆಯ ಬಾಯಿ ನೀರು ಬರುವ ಕಡೆಗೆ. ಹರಿದು ಬಂದದ್ದೇ ಊಟ, ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ನೀರು ನಿಂತರೆ ಊಟವೂ ನಿಂತಿತು. ಮೇಫ್ಲೈ ಮರಿಗಳನ್ನು ತಟ್ಟೆಗೆ ಹಾಕಿದೆ. ಬಿಸಿಲಿಗೆ ತಟ್ಟೆಯ ನೀರು ಬೆಚ್ಚಗಾಗುತ್ತಿದ್ದ ಹಾಗೆ ಮಂಕಾದವು. ಕಲ್ಲಿಗೆ ಬಡಿದು ಒಡೆಯುವ ನೀರಿನಲ್ಲಿ ಗಾಳಿ ಜಾಸ್ತಿ ಬೆರೆತಿರುತ್ತದೆ, ಅವು ಬದುಕುವುದು ಅದರ ಮೇಲೆ. ತಡಮಾಡದೆ ವಾಪಸ್ ಬಿಟ್ಟೆ.

ಮಡುವಿನದ್ದು ಬೇರೆ ಲೋಕ. ಮೇಲೆ ನೀರಿನ ಮೇಲೇ ಜಾರಾಡುವ ಉದ್ದ ಕಾಲಿನ ಹುಳಗಳು. ಗಿರಗಿರ ಸುತ್ತುವ ಕಪ್ಪು ದುಂಬಿಗಳೂ ಇದ್ದವು. ಅವುಗಳ ಕಣ್ಣು ಎರಡು ಭಾಗ, ಒಂದು ನೀರಿನ ಮೇಲೆ ನೋಡುತ್ತದೆ, ಇನ್ನೊಂದು ನೀರಿನೊಳಗೆ. ತಳದಲ್ಲಿ ಕೊಳೆಯುವ ಎಲೆಗಳ ನಡುವೆ ಏರೋಪ್ಲೇನ್ ಚಿಟ್ಟೆಯ ಮರಿ ಅಡಗಿ ಕೂತಿತ್ತು. ಅದರ ಕೆಳದವಡೆ ಮಡಚಿಕೊಂಡಿರುತ್ತದೆ. ಗೊದಮೊಟ್ಟೆಯೋ ಸಣ್ಣ ಮೀನೋ ಹತ್ತಿರ ಬಂದರೆ ಅದು ಚಕ್ಕನೆ ಮುಂದೆ ಚಾಚುತ್ತದೆ, ಬೇಟೆ ಮುಗಿಯಿತು.

ಮೀನಿನ ಹಿಂಡು ಮಾತ್ರ ಮಡುವಿನ ನಡುವೆ ಇರಲಿಲ್ಲ. ಓಡುವ ನೀರು ಬಂದು ಬೀಳುವ ತುದಿಯಲ್ಲಿ, ನೀರಿಗೆ ಮುಖ ಮಾಡಿ ನಿಂತಿದ್ದವು. ಕಲ್ಲುಗಳಿಂದ ಕೈಜಾರಿದ ಹುಳಗಳು ತೇಲಿ ಅಲ್ಲಿಗೇ ಬರುತ್ತವೆ. ಮಡು ಮೀನಿನ ಮನೆಯಾದರೆ ಅದರ ಅಡುಗೆಮನೆ ಮೇಲಿನ ಕಲ್ಲುಗಳ ನಡುವೆ ಇದೆ. ನಾವು ಮಾತ್ರ ಹಳ್ಳ ಅಂದರೆ ಮಡುವನ್ನೇ ನೋಡುತ್ತೇವೆ. ಈಜಲು ಮಡು, ಗಾಳ ಹಾಕಲು ಮಡು, ಪಂಪ್ ಇಡಲು ಮಡು. ಶೃಂಗೇರಿಯ ತುಂಗೆಯಲ್ಲಿ ಮಹಶೀರ್ ಮೀನುಗಳಿಗೆ ಮಂಡಕ್ಕಿ ಹಾಕುವವರಿಗೆ ಕಾಣುವುದೂ ಆಳದ ನೀರೇ. ಆದರೆ ಮಹಶೀರ್ ಮೊಟ್ಟೆ ಇಡುವುದು ಜಲ್ಲಿಯ ಮೇಲೆ ನೀರು ಓಡುವ ಜಾಗದಲ್ಲಿ.

ಸಂಜೆ ಹೊತ್ತಿಗೆ ಮಾವ ಬಂದರು. "ಏನ್ ಮಾರಾಯ, ಮೀನು ಸಿಕ್ತಾ?" ಅಂದರು. ನಾನು ಒದ್ದೆ ಕಲ್ಲೊಂದರ ಕಡೆ ಕೈ ತೋರಿಸಿದೆ. ಹೆಬ್ಬೆರಳಿನಷ್ಟೇ ಇರುವ ಕಂದು ಕಪ್ಪೆ. ಮೊದಲು ಕಾಲು ತಟ್ಟಿತು. ಆಮೇಲೆ ಹಿಂಗಾಲನ್ನು ಪೂರ್ತಿ ಚಾಚಿ, ಬೆರಳಿನ ಪೊರೆ ಬಿಚ್ಚಿ, ಮಡಚಿಕೊಂಡಿತು. ಕುಣಿಯುವ ಕಪ್ಪೆ! ನೀರಿನ ಗದ್ದಲದಲ್ಲಿ ಕೂಗು ಮಾತ್ರ ಸಾಲದು, ಅದಕ್ಕೇ ಗಂಡು ಕಪ್ಪೆ ಕಾಲನ್ನೂ ಬೀಸುತ್ತದೆ. ಇವುಗಳಲ್ಲಿ ಒಂದು ಜಾತಿಗೆ ಕೊಟ್ಟಿಗೆಹಾರದ ಹೆಸರೇ ಇದೆ. ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1937ರಲ್ಲಿ ಅದನ್ನು ದಾಖಲಿಸಿದರು. 2014ರಲ್ಲಿ ಕಪ್ಪೆ ತಜ್ಞ ಎಸ್. ಡಿ. ಬಿಜು ಅವರ ತಂಡ ಪಶ್ಚಿಮ ಘಟ್ಟದ ಇನ್ನೂ 14 ಹೊಸ ಜಾತಿಗಳನ್ನು ವಿವರಿಸಿತು. ನಾನು ನೋಡಿದ್ದು ಯಾವುದು ಅಂತ ಹೇಳಲು ತಜ್ಞರೇ ಬೇಕು, ಬಿಡಿ.

ಮಾವ ಹುಟ್ಟಿ ಬೆಳೆದದ್ದೇ ಇಲ್ಲಿ, ಆದರೂ ಕಪ್ಪೆ ಕುಣಿಯುವುದನ್ನು ನೋಡಿರಲಿಲ್ಲವಂತೆ. "ಇದು ಮೊಟ್ಟೆ ಎಲ್ಲಿ ಇಡುತ್ತೆ?" ಎಂದು ಕೇಳಿದರು. ಹೆಣ್ಣು ಓಡುವ ನೀರಿನ ತಳದಲ್ಲಿ ಹಿಂಗಾಲಿನಿಂದ ಸಣ್ಣ ಗುಳಿ ತೋಡಿ, ಮೊಟ್ಟೆ ಇಟ್ಟು, ಜಲ್ಲಿಯಿಂದ ಮುಚ್ಚುತ್ತದೆ. ಮಳೆ ಇಳಿದ ಮೇಲೆ, ನೀರು ತಗ್ಗಿದಾಗ ಇದೆಲ್ಲ ನಡೆಯುತ್ತದೆ. ಮಾವ ಈ ಕಲ್ಲುಗಳ ಕೆಳಗೇ ಪ್ರತಿ ವರ್ಷ ಮರಳುಚೀಲದ ಕಟ್ಟ ಹಾಕುತ್ತಾರೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಬೇಕಲ್ಲ? ಕಟ್ಟ ಹಾಕಿದರೆ ನೀರು ಹಿಂದಕ್ಕೆ ನಿಂತು ಈ ಕಲ್ಲುಗಳು ಮುಳುಗುತ್ತವೆ. ಹೂಳು ಕೂತು ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಬಲೆ ಕಟ್ಟುವ ಹುಳಕ್ಕೂ ಜಲ್ಲಿಯೊಳಗಿನ ಮೊಟ್ಟೆಗೂ ಅಲ್ಲಿಗೆ ಕತೆ ಮುಗಿಯಿತು.

ಕಟ್ಟವೇ ಬೇಡ ಅನ್ನುವವನು ನಾನಲ್ಲ. ಅದರಿಂದ ಬಾವಿಗೂ ಒಳ್ಳೆಯದು, ಮಳೆಗೆ ಮುಂಚೆ ಕಿತ್ತರೆ ಹಳ್ಳ ಹತ್ತಿ ಬರುವ ಮೀನಿಗೂ ದಾರಿ ಸಿಗುತ್ತದೆ. ಮೇಲಿನ ಕಡೆ ಯಾರದ್ದೋ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರು ಹಳ್ಳಕ್ಕೆ ಬರುವುದು ಇದಕ್ಕಿಂತ ಕೆಟ್ಟದ್ದು. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ಹೀರಿಬಿಡುತ್ತದೆ. ನಾನು ಕೇಳಿದ್ದು ಇಷ್ಟೇ: ಕಟ್ಟವನ್ನು ಕೆಳಗಿನ ದೊಡ್ಡ ಮಡುವಿನ ಬಾಯಿಗೆ ಹಾಕಿದರೆ ಆಗಲ್ವಾ? ಅಲ್ಲಿ ಹೇಗೂ ಬಂಡೆ ಇದೆ, ಚೀಲವೂ ಕಡಿಮೆ ಸಾಕು. ಇರುವ ಮಡುವೇ ಒಂದಿಷ್ಟು ಆಳ ಆಗುತ್ತದೆ, ಈ ಕಲ್ಲುಗಳು ಉಳಿಯುತ್ತವೆ.

ಮಾವ ದೂರ ಅಳೆದು ನೋಡಿದರು. "ಪಂಪ್ ಕೆಳಗೆ ಇಳಿಸಿದ್ರೆ ಪೈಪ್ ಸಾಲಲ್ಲ" ಅಂದರು. "ನಾಳೆ ಮೂಡಿಗೆರೆಗೆ ಹೋಗಿ ರೇಟ್ ಕೇಳ್ಕೊಂಡು ಬಾ. ಅರ್ಧ ದುಡ್ಡು ನಿಂದು."